ಕಾವಲಿಯ ಸುತ್ತಿನ ಪಂಕ್ತಿ

ಅಡುಗೆ ಒಳಗೆ, ಊಟ ಹೊರಗೆ. ನಡುವೆ ಒಂದು ಗೋಡೆ. ಹೋಟೆಲುಗಳ ಈ ಕಟ್ಟಳೆ ನಮಗೆಲ್ಲ ಗೊತ್ತು. ಅಮೆರಿಕದಲ್ಲಿ ‘ತೆಪ್ಪನ್‌ಯಾಕಿ’ ಎಂಬ ಜಪಾನೀ ಭೋಜನಶಾಲೆಗೆ ಹೋದವರಿಗೆ ಆ ಗೋಡೆಯೇ ಕಾಣುವುದಿಲ್ಲ. ತೆಪ್ಪನ್ ಎಂದರೆ ಕಬ್ಬಿಣದ ಹಲಗೆ. ಯಾಕಿ ಎಂದರೆ ಸುಟ್ಟು ಬೇಯಿಸಿದ್ದು. ಮೇಜಿನಲ್ಲೇ ಹುದುಗಿದ ದೊಡ್ಡ ಕಾವಲಿ, ಮೂರು ಬದಿಗೆ ಎಂಟು ಜನ, ನಾಲ್ಕನೆಯ ಬದಿಗೆ ಎತ್ತರದ ಟೋಪಿಯ ಬಾಣಸಿಗ. ನೀವು ಇಬ್ಬರೇ ಹೋಗಿದ್ದರೆ ಉಳಿದ ಆರು ಮಂದಿ ಅಪರಿಚಿತರು.

ಬಾಣಸಿಗ ಈರುಳ್ಳಿಯ ಬಿಲ್ಲೆಗಳನ್ನು ಗೋಪುರದಂತೆ ಪೇರಿಸಿ, ನಡುವೆ ಎಣ್ಣೆ ಹೊಯ್ದು ಕಿಚ್ಚಿಡುತ್ತಾನೆ: ಪುಟ್ಟ ಜ್ವಾಲಾಮುಖಿ! ಸಿಗಡಿಯ ಬಾಲವನ್ನು ಸಟ್ಟುಗದಿಂದ ಚಿಮ್ಮಿ ಟೋಪಿಯಲ್ಲಿ ಹಿಡಿಯುತ್ತಾನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅಪರಿಚಿತರು ಮಾತಿಗೆ ತೊಡಗುತ್ತಾರೆ.

ಇದು ಜಪಾನಿನ ಪುರಾತನ ಸಂಪ್ರದಾಯವೆಂದು ಭಾವಿಸುವವರುಂಟು. ಹಾಗೇನೂ ಇಲ್ಲ. ಬೌದ್ಧಧರ್ಮದ ಪ್ರಭಾವದಿಂದ ಆ ದೇಶದಲ್ಲಿ ಶತಮಾನಗಳ ಕಾಲ ಗೋಮಾಂಸದ ಬಳಕೆ ಬಲು ವಿರಳವಾಗಿತ್ತು. ಕಬ್ಬಿಣದ ಹಲಗೆಯ ಮೇಲೆ ಗಿರಾಕಿಯ ಕಣ್ಣೆದುರೇ ಮಾಂಸ ಬೇಯಿಸುವ ಪದ್ಧತಿ ಕೋಬೆ ನಗರದ ‘ಮಿಸೋನೊ’ ಎಂಬಲ್ಲಿ 1945ರಲ್ಲಿ ಮೊದಲಾಯಿತೆನ್ನುತ್ತಾರೆ. ಅದನ್ನು ಸ್ಥಳೀಯರಿಗಿಂತ ಹೆಚ್ಚಾಗಿ ಮೆಚ್ಚಿದವರು ವಿದೇಶೀಯರು.

ಇದನ್ನು ಅಮೆರಿಕದಲ್ಲಿ ಮನೆಮಾತಾಗಿಸಿದವನು ಹಿರೋಆಕಿ ಆಓಕಿ ಎಂಬ ಕುಸ್ತಿಪಟು. ನ್ಯೂಯಾರ್ಕಿನಲ್ಲಿ ಐಸ್‌ಕ್ರೀಮ್ ಮಾರಿ ಕೂಡಿಟ್ಟ ಹಣದಿಂದ 1964ರಲ್ಲಿ ಅಲ್ಲೇ ‘ಬೆನಿಹಾನಾ’ ತೆರೆದ. ಬೆನಿಹಾನಾ ಎಂದರೆ ಕುಸುಬೆ ಹೂವು. ನಮ್ಮ ವಿಜಯಪುರ, ಕಲಬುರಗಿ ಕಡೆಯ ಹೊಲಗಳಲ್ಲಿ ಅರಳುವ ಅದೇ ಕುಸುಬೆ. ಟೋಕಿಯೋದಲ್ಲಿ ತಂದೆ ನಡೆಸುತ್ತಿದ್ದ ಕಾಫಿ ಅಂಗಡಿಯ ಹೆಸರೂ ಅದೇ.

ಜಪಾನು, ಅಮೆರಿಕಗಳ ಘೋರ ಯುದ್ಧ ಮುಗಿದು ಆಗ 19 ವರ್ಷವಷ್ಟೇ ಆಗಿತ್ತು. ಜಪಾನೀ ಅಡುಗೆಯೆಂದರೆ ಅಲ್ಲಿನ ಬಹುಮಂದಿಗೆ ಅಳುಕು. ಆಓಕಿ ಅವರಿಗೆ ಪರಿಚಿತವಾದ ದನದ ಮಾಂಸ, ಕೋಳಿ, ಸಿಗಡಿಗಳನ್ನೇ ಆರಿಸಿಕೊಂಡು ಅವರ ಮುಂದೆಯೇ ಬೇಯಿಸಿ ಬಡಿಸುವ ಏರ್ಪಾಡು ಮಾಡಿದ. ಮುಚ್ಚುಮರೆಯಿಲ್ಲದ ಕಡೆ ಸಂಶಯಕ್ಕೆ ಎಡೆಯೆಲ್ಲಿ? ಅಡುಗೆಮನೆಗೆ ಬೇಕಾದ ಜಾಗವೂ ಉಳಿಯಿತು. ಅವನ ಈ ಜಾಣತನ 1972ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಪಾರಶಾಲೆಯಲ್ಲಿ ಪಾಠವಾಯಿತು.

ಶಾಕಾಹಾರಿಗಳಿಗೊಂದು ಮಾತು. ಒಂದೇ ಕಾವಲಿಯ ಮೇಲೆ ಮಾಂಸವೂ ತರಕಾರಿಯೂ ಬೇಯುತ್ತವೆ. ಅನ್ನಕ್ಕೆ ಮೊಟ್ಟೆ ಬೆರೆಸುವ ವಾಡಿಕೆಯೂ ಉಂಟು. ಕೂರುವ ಮೊದಲೇ ತಮ್ಮ ನಿಯಮವನ್ನು ತಿಳಿಸಿ, ಅಣಬೆ, ತರಕಾರಿ, ಸೋಯಾಗಿಣ್ಣುಗಳನ್ನು ಬೇರೆಯಾಗಿ ಮಾಡಿಕೊಡಲಾದೀತೇ ಎಂದು ಕೇಳುವುದು ಲೇಸು. ಒಪ್ಪಿದರೋ, ಮಾತಿನಂತೆ ನಡೆದರೇ ಎಂದು ಚಿಂತಿಸಬೇಕಾದ್ದಿಲ್ಲ. ಕಾವಲಿ ಕಣ್ಣೆದುರಿಗೇ ಇರುತ್ತದಲ್ಲ!