ಶುಶ್ರೂಷಾಲಯವೂ ರೋಗಿಯ ನುಡಿಯೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನನ್ನು ವೇದಿಕೆಗೆ ಕರೆದರೆ ಅವನು ಕುಂಬಳೆಯ ಪಾರ್ತಿಸುಬ್ಬನ ವಿಚಾರವನ್ನೋ ಮಂಜೇಶ್ವರದ ಗೋವಿಂದ ಪೈಗಳ ವಿಚಾರವನ್ನೋ ಎತ್ತಿಕೊಳ್ಳುವನೆಂದು ಸಭೆ ನಿರೀಕ್ಷಿಸುವುದು ಸಹಜ. ಕಾರ್ಯದರ್ಶಿಗಳೂ ನನ್ನಿಂದ ಅಂತಹುದನ್ನೇ ಅಪೇಕ್ಷಿಸಿದ್ದರು. ಆದರೆ ಈಚಿನ ಕೆಲವು ವರ್ಷಗಳಲ್ಲಿ ನಾನು ಕಾವ್ಯಗಳಿಗಿಂತ ಹೆಚ್ಚಾಗಿ ಔಷಧದ ಚೀಟಿಗಳನ್ನು ಓದಿದವನು. ನಮ್ಮ ಸಂಘದ ಸದಸ್ಯರಲ್ಲೇ ನಾಲ್ಕಾರು ಮಂದಿ ಬೇರೆ ಬೇರೆ ಸಮಯದಲ್ಲಿ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಮಾಸ್ಟ್ರೆ, ನಮ್ಮ ತಂದೆಯವರನ್ನು ಎಲ್ಲಿ ಬಿಡುವುದು? ನೀವು ತಾಯಿಯವರನ್ನು ಬಿಟ್ಟಿದ್ದಿರಲ್ಲ, ಆ ಸ್ಥಳ ಹೇಗೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದ್ದುಂಟು. ಅವರಿಗೆ ನಡುದಾರಿಯಲ್ಲಿ ಕೊಡಲಾಗದ ಉತ್ತರವನ್ನು ಇಂದು ಇಲ್ಲಿ ಅರಿಕೆಮಾಡಿಕೊಳ್ಳುತ್ತೇನೆ. ಇದು ಕನ್ನಡದ ವಿಷಯವಲ್ಲವೆಂದು ಯಾರಿಗಾದರೂ ತೋರಿದರೆ ಸ್ವಲ್ಪ ತಾಳಬೇಕೆಂದು ಪ್ರಾರ್ಥನೆ.

೨೦೨೨ರ ಜುಲೈ ತಿಂಗಳ ಕಡೆಯ ವಾರ, ಆಟಿಯ ಮಳೆ ಸುರಿಯುತ್ತಿದ್ದ ಒಂದು ಮುಂಜಾನೆ, ನನ್ನ ತಾಯಿ ಹಟ್ಟಿಯ ಬಾಗಿಲಲ್ಲಿ ಕುಸಿದು ಕುಳಿತರು. ಅವರಿಗೆ ಆಗ ೭೪ ವರ್ಷ. ಬಲಗೈ ಏಳದು, ಬಾಯಿ ಓರೆಯಾಗಿದೆ, ಮಾತಿಲ್ಲ. ಪಾರ್ಶ್ವವಾಯುವಿನ ಲಕ್ಷಣಗಳು ಇಷ್ಟು ಸ್ಪಷ್ಟವಾಗಿ ಕಣ್ಣೆದುರಿಗಿದ್ದರೂ ನಾವು ಪಿತ್ತವೆಂದು ಬಗೆದು ಅಂಗಾಲಿಗೆ ಎಣ್ಣೆ ತಿಕ್ಕುತ್ತ, ಮಳೆ ಬಿಡಲೆಂದು ಕಾಯುತ್ತ ಕುಳಿತೆವು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕೆಂಬ ಸಂಗತಿ ನಮಗೆ ತಿಳಿದದ್ದು ಮಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯರು ಗಡಿಯಾರ ನೋಡಿಕೊಂಡು ಹೇಳಿದಾಗ. ಆ ಹೊತ್ತಿಗೆ ಏಳು ಗಂಟೆ ಕಳೆದುಹೋಗಿತ್ತು. ಈ ತಪ್ಪು ನಮ್ಮದು, ಇದನ್ನು ಬೇರೆ ಯಾರ ಮೇಲೂ ಹೊರಿಸಲಾರೆ.

ಹನ್ನೆರಡು ದಿನಗಳ ಮೇಲೆ ವೈದ್ಯರು ಕರೆದು, "ಪ್ರಾಣಭಯ ಕಳೆಯಿತು. ಇನ್ನು ಬೇಕಾದದ್ದು ವ್ಯಾಯಾಮ ಮತ್ತು ಆರೈಕೆ. ಮೊದಲ ಮೂರು ತಿಂಗಳಲ್ಲಿ ಆಗುವಷ್ಟು ಸುಧಾರಣೆ ಆಮೇಲೆ ಆಗುವುದು ಕಷ್ಟ. ಎಲ್ಲಿ ಇರಿಸುತ್ತೀರಿ?" ಎಂದರು. ನಮ್ಮ ಮನೆಗೆ ರಸ್ತೆಯಿಂದ ಇಳಿಯಲು ಇಪ್ಪತ್ತೆರಡು ಮೆಟ್ಟಿಲು. ನಾನೂ ನನ್ನ ಪತ್ನಿಯೂ ಇಬ್ಬರೂ ಶಾಲೆಗೆ ಹೋಗುವವರು. ತಂಗಿ ಮುಂಬಯಿಯಲ್ಲಿ. ಶುಶ್ರೂಷಾಲಯವನ್ನು ಹುಡುಕದೆ ವಿಧಿಯಿರಲಿಲ್ಲ. ಬಂಧುಗಳಲ್ಲಿ ಕೆಲವರು "ಹೆತ್ತ ತಾಯಿಯನ್ನು ಹೊರಗೆ ಹಾಕಿದ" ಎಂದರು. ಹಿರಿಯ ನಾಗರಿಕರ ಪೋಷಣೆಯ ಬಗೆಗೆ ೨೦೦೭ರಲ್ಲಿ ಆದ ಕಾಯಿದೆ ಮಕ್ಕಳು ತಂದೆತಾಯಿಗಳನ್ನು ಪೋಷಿಸತಕ್ಕದ್ದೆಂದು ವಿಧಿಸುತ್ತದೆ. ಯಾವ ಮಾಡಿನ ಕೆಳಗೆ ಮಲಗಿಸಿ ಪೋಷಿಸಬೇಕೆಂದು ಅದು ಹೇಳುವುದಿಲ್ಲ. ಹಾಗೆ ಆಡಿಕೊಂಡವರಲ್ಲಿ ಒಬ್ಬರೂ ಒಂದು ರಾತ್ರಿ ಬಂದು ಕುಳಿತವರಲ್ಲ. ಇರಲಿ.

ಮೊದಲನೆಯ ಸ್ಥಳವನ್ನು ನಾನು ಆರಿಸಿದ್ದು ಶುದ್ಧ ಅವಿವೇಕದಿಂದ. ತಲಪಾಡಿಯಿಂದ ಆಚೆಗೆ, ಕರ್ನಾಟಕದ ನೆಲದಲ್ಲಿ, ಹೊಸ ಕಟ್ಟಡ. ಮುಂಚಿತವಾಗಿ ತಿಳಿಸಿ ಬೆಳಗ್ಗೆ ಹನ್ನೊಂದಕ್ಕೆ ಹೋದೆನು. ಕನ್ನಡಿಯಂತೆ ಹೊಳೆಯುವ ನೆಲ, ವ್ಯಾಯಾಮದ ಕೋಣೆಯಲ್ಲಿ ರಾಟೆಗಳು, ಗಾಲಿಗಳು, ನಡೆಯಲು ಹಿಡಿದುಕೊಳ್ಳುವ ಕಂಬಿಗಳು. ಕನ್ನಡ ನಾಡು, ತಾಯಿಗೆ ಮಾತಿನ ತೊಡಕಿಲ್ಲ ಎಂದು ಹಿಗ್ಗಿ ಅಂದೇ ಮುಂಗಡ ಕಟ್ಟಿದೆನು. ಹನ್ನೊಂದನೆಯ ದಿನ ತಂಗಿ ಮುಂಬಯಿಯಿಂದ ಬಂದವಳು ಅಮ್ಮನ ಸೀರೆ ಬದಲಿಸುವಾಗ ಬೆನ್ನಿನ ಕೆಳತುದಿಯಲ್ಲಿ ಐದು ರೂಪಾಯಿಯ ನಾಣ್ಯದಷ್ಟು ಅಗಲದ ಹುಣ್ಣನ್ನು ಕಂಡಳು. ಹಾಸಿಗೆಹುಣ್ಣು! ಅದು ಮಾಯಲು ಎರಡು ತಿಂಗಳು ಹಿಡಿಯಿತು. ಅಲ್ಲಿಯ ಆರೈಕೆಯ ಹುಡುಗಿಯರು ಕೆಟ್ಟವರಲ್ಲ. ಉತ್ತರ ದೇಶದಿಂದ ದುಡಿಯಲು ಬಂದ ಎಳೆಯರು. ಹಿಂದಿಯ ಹೊರತು ಬೇರೆ ನುಡಿ ತಿಳಿಯದು. ರಾತ್ರಿ ಇಪ್ಪತ್ತಾರು ಮಂಚಗಳಿಗೆ ಇಬ್ಬರು. ಕನ್ನಡ ನಾಡಿನೊಳಗೆ ಕಾಲಿಟ್ಟ ಮಾತ್ರಕ್ಕೆ ಅಮ್ಮನಿಗೆ ಕನ್ನಡ ಸಿಕ್ಕಲಿಲ್ಲ.

ಎರಡನೆಯ ಸಲ ನಾನು ಕೇಳದೆ, ಹೇಳದೆ ಸಂಜೆ ಏಳಕ್ಕೆ, ಊಟದ ಹೊತ್ತಿಗೆ, ಹೋಗತೊಡಗಿದೆನು. ಮೂರು ಸ್ಥಳಗಳನ್ನು ಹಾಗೆ ನೋಡಿದೆನು. ಒಂದರಲ್ಲಿ ಒಳಗೇ ಬಿಡಲಿಲ್ಲ. ಅಷ್ಟಕ್ಕೇ ಅದರ ಪರೀಕ್ಷೆ ಮುಗಿಯಿತು. ಇನ್ನೊಂದರಲ್ಲಿ ಮಲಗಿದ್ದ ಮುದುಕರೊಬ್ಬರಿಗೆ ಮಲಗಿದ್ದಂತೆಯೇ ಗಂಜಿ ಹುಯ್ಯುತ್ತಿದ್ದರು. ಪಾರ್ಶ್ವವಾಯು ತಗಲಿದವರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಅನ್ನವೋ ನೀರೋ ಅನ್ನನಾಳಕ್ಕೆ ಇಳಿಯುವ ಬದಲು ಶ್ವಾಸಕೋಶಕ್ಕೆ ಇಳಿದರೆ ಜ್ವರ, ಕಫ, ಮತ್ತೆ ಆಸ್ಪತ್ರೆ. ನೆಟ್ಟಗೆ ಕೂರಿಸಿ, ಚಮಚದಲ್ಲಿ ಸ್ವಲ್ಪಸ್ವಲ್ಪವಾಗಿ ಉಣಿಸಿ, ಉಂಡ ಮೇಲೂ ಅರ್ಧ ಗಂಟೆ ಕೂರಿಸಬೇಕು. ಉಣಿಸುವವರನ್ನು ಹತ್ತು ನಿಮಿಷ ನೋಡಿದರೆ ಆ ಮನೆಯ ಶುಶ್ರೂಷೆ ಎಷ್ಟರದೆಂದು ತಿಳಿಯುತ್ತದೆ. ಅದಕ್ಕೆ ವೈದ್ಯಶಾಸ್ತ್ರ ಓದಿರಬೇಕಾದ್ದಿಲ್ಲ.

ಮೂರನೆಯದು ಗಡಿಯ ಈಚೆಗೆ, ಕೇರಳದೊಳಗೆ. ಹಂಚಿನ ಮಾಡಿನ ಹಳೆಯ ಕಟ್ಟಡ, ಹದಿನಾಲ್ಕು ಮಂಚ. ರಾಟೆಯೂ ಇಲ್ಲ, ಕನ್ನಡಿನೆಲವೂ ಇಲ್ಲ. ಆದರೆ ಪ್ರತಿ ಮಂಚದ ಕಾಲಿಗೂ ಒಂದು ನೋಟುಪುಸ್ತಕ ಕಟ್ಟಿತ್ತು. ಎರಡೆರಡು ಗಂಟೆಗೊಮ್ಮೆ ರೋಗಿಯನ್ನು ಯಾವ ಮಗ್ಗುಲಿಗೆ ಹೊರಳಿಸಿದರು, ಹೊರಳಿಸಿದವರು ಯಾರು ಎಂಬುದು ಅದರಲ್ಲಿ ಬರೆದಿತ್ತು. ನಾನು ಕೈಬರಹ ನೋಡಿ ಬದುಕುವವನು. ಒಂದೇ ಕೂತಲ್ಲಿ ಇಡೀ ದಿನದ್ದನ್ನು ಬರೆದುಹಾಕಿದ ಪುಸ್ತಕಕ್ಕೂ ಆಯಾ ಹೊತ್ತಿಗೆ ಬರೆದ ಪುಸ್ತಕಕ್ಕೂ ಇರುವ ಭೇದ ನನಗೆ ಗೊತ್ತಾಗುತ್ತದೆ. ಇಲ್ಲಿ ಮಸಿ ಬೇರೆ, ಕೈ ಬೇರೆ, ಒಂದೆಡೆ ಗಂಜಿಯ ಕಲೆ. ಕರೆಗಂಟೆಯ ಗುಂಡಿ ಎಡಗೈ ಚೆನ್ನಾಗಿದ್ದವರಿಗೆ ಎಡಕ್ಕೆ, ಬಲಗೈ ಚೆನ್ನಾಗಿದ್ದವರಿಗೆ ಬಲಕ್ಕೆ ಇತ್ತು. ಮೊದಲಿನ ಸ್ಥಳದಲ್ಲಿ ಅಮ್ಮನ ಬತ್ತಿದ ಬಲಗೈಯ ಬದಿಗೇ ಗಂಟೆಯನ್ನೂ ನೀರಿನ ಲೋಟವನ್ನೂ ಇಟ್ಟಿದ್ದರೆಂಬುದು ನನಗೆ ಆಗ ನೆನಪಾಗಿ ಎದೆ ಕಲಕಿತು.

ಹಣದ ಸಂಗತಿಯನ್ನೂ ಸಂಕೋಚವಿಲ್ಲದೆ ಕೇಳಬೇಕು. ತಿಂಗಳ ಬಾಡಿಗೆಯೆಂದು ಹೇಳುವ ಮೊತ್ತ ಒಂದು, ಡಯಾಪರು, ಗಾಳಿಹಾಸಿಗೆ, ವೈದ್ಯರ ಭೇಟಿ, ಮೂತ್ರದ ನಳಿಕೆ ಎಂದು ಕೂಡುತ್ತ ಬರುವ ಮೊತ್ತ ಇನ್ನೊಂದು. ಹೆಸರು ಮರೆಮಾಡಿ ಹಿಂದಿನ ತಿಂಗಳ ಒಂದು ಬಿಲ್ಲನ್ನು ತೋರಿಸಿರೆಂದರೆ ಪ್ರಾಮಾಣಿಕರು ತೋರಿಸುತ್ತಾರೆ. ಚಿಕಿತ್ಸಾಲಯಗಳು ನೋಂದಣಿ ಮಾಡಿಸತಕ್ಕದ್ದು, ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕತಕ್ಕದ್ದು ಎಂದು ಕೇರಳದಲ್ಲಿ ೨೦೧೮ರ ಕಾಯಿದೆ ಇದೆ. ವೃದ್ಧಾಶ್ರಮದ ಪರವಾನಗಿ ಮಾತ್ರ ಇರುವಲ್ಲಿ ಚಿಕಿತ್ಸೆಯನ್ನು ನಿರೀಕ್ಷಿಸಬಾರದು. ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ೨೦೨೦ರ ಮಾರ್ಚಿಯಲ್ಲಿ ತಲಪಾಡಿಯ ದಾರಿಯನ್ನು ಮುಚ್ಚಿದಾಗ, ಐವತ್ತು ಕಿಲೋಮೀಟರಿನ ಮಂಗಳೂರು ನಮ್ಮ ರೋಗಿಗಳಿಗೆ ಎಟುಕದ ಊರಾದದ್ದನ್ನು ಇಲ್ಲಿರುವ ಯಾರೂ ಮರೆತಿರಲಾರಿರಿ.

ಇಷ್ಟೆಲ್ಲ ನೋಡಿ ಸೇರಿಸಿದ ಸ್ಥಳದಲ್ಲಿಯೂ ನಾನು ಒಂದನ್ನು ನೋಡದೆ ಬಿಟ್ಟಿದ್ದೆನು. ಇಂದು ಮುಖ್ಯವಾಗಿ ಹೇಳಬೇಕಾದದ್ದು ಅದನ್ನೇ.

ಎರಡನೆಯ ತಿಂಗಳಲ್ಲಿ ಅಮ್ಮನಿಗೆ ಒಂದೆರಡು ಮಾತು ಮರಳಿತು. ನುಂಗುವ ಶಕ್ತಿಯೂ ಮರಳಿತ್ತು. ಒಂದು ಸಂಜೆ ನೋಡಹೋದವನಿಗೆ ಮಳೆಯಿಂದ ಬಸ್ಸು ತಪ್ಪಿತು. ಅಲ್ಲಿಯೇ ಬೆಂಚಿನ ಮೇಲೆ ಮಲಗಿದೆನು. ಇರುಳು ಎರಡು ಗಂಟೆಯ ಸುಮಾರಿಗೆ ಗಂಟೆ ಬಾರಿಸಿತು. ರಾತ್ರಿಪಾಳಿಯವಳು ತೆಕ್ಕಣ ಜಿಲ್ಲೆಯಿಂದ ಬಂದ ನಡುವಯಸ್ಸಿನ ಹೆಂಗಸು. ನಮ್ಮ ಕಾಸರಗೋಡಿನ ಮಲಯಾಳಿಗಳಂತೆ ಕನ್ನಡವನ್ನೋ ತುಳುವನ್ನೋ ಕೇಳಿ ಬೆಳೆದವಳಲ್ಲ. ಕರೆದ ಕೂಡಲೇ ಓಡಿಬಂದಳು. ಅಮ್ಮ, "ನೀರು... ನೀರು" ಎಂದರು. ಅವಳು ತಟಕ್ಕನೆ ಹೊದಿಕೆ ಸರಿಸಿ, ಅಮ್ಮನ ಎರಡೂ ಪಾದಗಳನ್ನು ಎತ್ತಿ ಹಿಡಿದು, ಹರಡನ್ನು ಬೆರಳಿನಿಂದ ಒತ್ತಿ ನೋಡಿ, ಬಹು ಅಕ್ಕರೆಯಿಂದ, "ನೀರಿಲ್ಲ ಅಮ್ಮೇ" ಎಂದಳು.

ಮಲಯಾಳ ಬಲ್ಲ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರಲ್ಲಿ ಕುಡಿಯುವುದು ವೆಳ್ಳಂ. ನೀರು ಎಂದರೆ ಕಾಲಿನ ಬಾವು. ಬಾವಿಲ್ಲ ಎಂದು ಅವಳು ಸಮಾಧಾನ ಹೇಳಿದಳು. ನೀರಿಲ್ಲ ಎಂದು ನನ್ನ ತಾಯಿ ಕೇಳಿಸಿಕೊಂಡರು. ಅವರು ಮರುಮಾತಿಲ್ಲದೆ ಕಣ್ಣು ಮುಚ್ಚಿಕೊಂಡದ್ದನ್ನು ನಾನು ಬೆಂಚಿನಿಂದ ಎದ್ದು ಬರುವಷ್ಟರಲ್ಲಿ ಕಂಡೆನು. ನೀರು ಕುಡಿಸಿದ ಮೇಲೆ ನೋಟುಪುಸ್ತಕವನ್ನು ತಿರುವಿದೆನು. ಕಾಲಿನಲ್ಲಿ ಬಾವೆಂದು ರೋಗಿ ದೂರುತ್ತಾರೆ, ಪರೀಕ್ಷಿಸಿದಾಗ ಬಾವಿಲ್ಲ, ಎಂದು ಮಲಯಾಳದಲ್ಲಿ ಒಂಬತ್ತು ರಾತ್ರಿಗಳ ದಾಖಲೆ ಇತ್ತು. ಒಂಬತ್ತು ರಾತ್ರಿ ಅಮ್ಮ ನೀರು ಕೇಳಿದ್ದರು. ಒಂಬತ್ತು ರಾತ್ರಿಯೂ ಆ ಸಾಧ್ವಿ ಕಾಲು ನೋಡಿದ್ದಳು. ವಿಷಯ ತಿಳಿಸಿದಾಗ ಅವಳು ತಲೆಗೆ ಕೈ ಹೊತ್ತು ಅತ್ತಳು.

ಪಾರ್ಶ್ವವಾಯುವಿಗೆ ಮುನ್ನ ಅಮ್ಮ ಮನೆಯಲ್ಲಿ ಕನ್ನಡ, ತೋಟದ ಆಳುಗಳೊಡನೆ ತುಳು, ಪೇಟೆಯಲ್ಲಿ ಮಲಯಾಳ ಆಡುತ್ತಿದ್ದವರು. ನಮ್ಮ ನೆಲದಲ್ಲಿ ಅದೇನೂ ದೊಡ್ಡಸ್ತಿಕೆಯಲ್ಲ. ಆದರೆ ಬಹುನುಡಿಗಳನ್ನು ಬಲ್ಲವರಿಗೆ ಮೆದುಳಿನ ಎಡಭಾಗ ಘಾಸಿಗೊಂಡಾಗ ಎಲ್ಲ ನುಡಿಗಳೂ ಒಂದೇ ಅಳತೆಯಲ್ಲಿ ಮರಳುವುದಿಲ್ಲ. ಅಮ್ಮನಿಗೆ ಪೇಟೆಯ ಮಲಯಾಳ ಅಳಿಸಿಹೋಗಿತ್ತು. ವಾರಕ್ಕೆರಡು ಬಾರಿ ಬರುತ್ತಿದ್ದ ವಾಕ್ಚಿಕಿತ್ಸೆಯ ಹುಡುಗಿ ಚಿತ್ರಗಳನ್ನು ಹರಡಿ ಮಲಯಾಳದಲ್ಲಿ ಕೇಳುತ್ತಿದ್ದಳು. ಅಮ್ಮ ಸುಮ್ಮನಿದ್ದರೆ ಅರ್ಥಮಾಡಿಕೊಳ್ಳುವ ಶಕ್ತಿ ಇಲ್ಲವೆಂದು ಬರೆಯುತ್ತಿದ್ದಳು. ಮರುವಾರ ನಾನು ಎದುರಿಗೆ ಕುಳಿತು, "ಅಮ್ಮ, ಕತ್ತಿ ಯಾವುದು? ಕೊಡಪಾನ ಯಾವುದು?" ಎಂದೆನು. ಎಡಗೈಯ ಬೆರಳು ತಪ್ಪದೆ ಎರಡನ್ನೂ ಮುಟ್ಟಿತು. ಹತ್ತರಲ್ಲಿ ಎಂಟು ಸರಿ! ಆ ಹುಡುಗಿ ಪ್ರಾಮಾಣಿಕಳು; ಹಿಂದಿನ ಹಾಳೆಯನ್ನು ಅಡ್ಡಗೆರೆ ಎಳೆದು ತಿದ್ದಿದಳು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ನುಡಿಯ ರೋಗಿಗಳಿಗೆ ಕನ್ನಡದಲ್ಲಿಯೇ ಪರೀಕ್ಷೆ, ಚಿಕಿತ್ಸೆಗಳಿವೆ. ಅಲ್ಲಿಯವರೆಗೆ ಹೋಗಲಾಗದವರು ಪ್ರತಿಯೊಂದು ಪರೀಕ್ಷೆಯ ಹೊತ್ತಿಗೂ ಮನೆಮಾತು ಬಲ್ಲವರೊಬ್ಬರು ಬಳಿಯಲ್ಲಿರುವಂತೆ ನೋಡಿಕೊಂಡರೂ ಸಾಕು. ಅರ್ಥವಾಗುವುದಿಲ್ಲ ಎಂದು ಒಮ್ಮೆ ಬರೆದಾದರೆ ಮುಂದೆ ಅವರೊಡನೆ ಯಾರೂ ಮಾತಾಡುವುದಿಲ್ಲ.

ಆ ವಾರವೇ ನಾನು ಒಂದು ಹಾಳೆಯನ್ನು ಸಿದ್ಧಪಡಿಸಿದೆನು. ಅಮ್ಮನ ಇಪ್ಪತ್ತು ಮಾತುಗಳು; ಒಂದೊಂದರ ಎದುರಿಗೂ ಅದರ ಉಚ್ಚಾರಣೆ ಮಲಯಾಳ ಲಿಪಿಯಲ್ಲಿ, ಅರ್ಥ ಮಲಯಾಳ ನುಡಿಯಲ್ಲಿ. ನೀರೆಂದರೆ ವೆಳ್ಳಂ. ಚಳಿಯೆಂದರೆ ತಣುಪ್ಪು, ಇದನ್ನು ಎರಡನೆಯದಾಗಿ ಬರೆಯಲು ಕಾರಣವುಂಟು, ಅವರ ಚಳಿ ಎಂದರೆ ಕೆಸರು. ಅಮ್ಮ ಚಳಿಯೆಂದಾಗಲೆಲ್ಲ ಹಾಸಿಗೆಯ ಬಟ್ಟೆ ಕೊಳೆಯಾಯಿತೆಂದು ಬಿಚ್ಚಿ ಬದಲಿಸುತ್ತಿದ್ದರಂತೆ! ಉಳಿದವು ಸುಲಭ. ಅವರು ವಕಾರ ಆಡುವಲ್ಲಿ ನಾವು ಬಕಾರ ಆಡುತ್ತೇವೆಂಬ ಸೂತ್ರವನ್ನು ಹೇಳಿಕೊಟ್ಟೆನು. ಅವರ ವೇಂಡ ನಮ್ಮ ಬೇಡ. ಅವರ ಹೊಟ್ಟೆಯ ಹೆಸರಾದ ವಯರು ನಮ್ಮ ಬಸಿರು. ವಿದ್ವಾನ್ ಪರೀಕ್ಷೆಗೆಂದು ಓದಿದ ಭಾಷಾಶಾಸ್ತ್ರ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ರಾತ್ರಿಪಾಳಿಯ ಹೆಂಗಸಿನ ಮುಂದೆ. ತಿಂಗಳೊಳಗೆ ಅವಳು "ಅಮ್ಮೇ, ನೀರು ಬೇಕೋ, ಬೇಡವೋ?" ಎಂದು ಕೇಳುವಷ್ಟಾದಳು. ಅಮ್ಮ ಅವಳ ಉಚ್ಚಾರಣೆಗೆ ನಕ್ಕರು. ಪಾರ್ಶ್ವವಾಯು ತಗಲಿದ ಮೇಲೆ ನಾವು ಕಂಡ ಮೊದಲನೆಯ ನಗು ಅದು.

ನಾಲ್ಕನೆಯ ತಿಂಗಳ ಕೊನೆಗೆ ಅಮ್ಮ ಕೋಲೂರಿ ಹತ್ತು ಹೆಜ್ಜೆ ನಡೆದರು. ಇಪ್ಪತ್ತೆರಡು ಮೆಟ್ಟಿಲಿನ ಬದಿಗೆ ಕಬ್ಬಿಣದ ಹಿಡಿಕೆ ಹಾಕಿಸಿ, ನಾಲ್ವರು ಕುರ್ಚಿಯಲ್ಲಿ ಎತ್ತಿ ಮನೆಗೆ ಇಳಿಸಿದೆವು. ಮನೆಗೆ ಬಂದವರಿಗೆ ನಮ್ಮಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದನ್ನು ಕೇಳಿ ಪಡೆಯಲು ನಮ್ಮ ಜನ ಹಿಂಜರಿಯುವುದೇಕೋ ತಿಳಿಯದು. ೧೯೯೩ರಲ್ಲಿ ಕೋಯಿಕ್ಕೋಡಿನಲ್ಲಿ ನೋವುಪರಿಹಾರದ ಒಂದು ಸಂಘವಾಗಿ ತೊಡಗಿದ ಕೆಲಸ ೨೦೦೮ರಲ್ಲಿ ಸರಕಾರದ ಸಾಂತ್ವನ ಚಿಕಿತ್ಸಾ ನೀತಿಯಾಗಿ, ಇಂದು ಪಂಚಾಯತಿನ ದಾದಿ ಮನೆಬಾಗಿಲಿಗೆ ಬಂದು ಹುಣ್ಣು ತೊಳೆಯುತ್ತಾಳೆ, ನಳಿಕೆ ಬದಲಿಸುತ್ತಾಳೆ. ಇದು ಕ್ಯಾನ್ಸರಿನವರಿಗೆ ಮಾತ್ರವೆಂದು ಬಗೆಯಬೇಡಿರಿ. ಹಾಸಿಗೆ ಹಿಡಿದ ಎಲ್ಲರಿಗೂ ಉಂಟು. ವಾರ್ಡಿನ ಸದಸ್ಯರಿಗೋ ಆಶಾ ಕಾರ್ಯಕರ್ತೆಗೋ ತಿಳಿಸಿದರೆ ಹೆಸರು ಬರೆದುಕೊಳ್ಳುತ್ತಾರೆ. ನಮ್ಮಲ್ಲಿಗೆ ಬರುವ ದಾದಿಗೆ ಅಮ್ಮನೇ ಈಗ ಕನ್ನಡ ಕಲಿಸುತ್ತಿದ್ದಾರೆ. ಪೂರ್ಣ ವಾಕ್ಯ ಇನ್ನೂ ಬಾರದು. ನನ್ನ ಹೆಸರನ್ನು ಕೆಲವೊಮ್ಮೆ ತೀರಿಕೊಂಡ ತಂದೆಯವರ ಹೆಸರಾಗಿ ಹೇಳುತ್ತಾರೆ. ನಾನು ಓಗೊಡುತ್ತೇನೆ.

ಆ ಹಾಳೆಯ ಐವತ್ತು ಪ್ರತಿಗಳನ್ನು ಮಾಡಿಸಿ ತಂದು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಿದ್ದೇನೆ. ಮನೆಯಲ್ಲಿ ಹಿರಿಯರಿರುವವರು ಒಂದೊಂದು ಕೊಂಡುಹೋಗಿ, ನಿಮ್ಮವರು ಆಡುವ ಮಾತುಗಳನ್ನು ಕೆಳಗಿನ ಖಾಲಿ ಗೆರೆಗಳಲ್ಲಿ ತುಂಬಿಕೊಳ್ಳಿರಿ. ಅವರು ಗಟ್ಟಿಯಾಗಿರುವಾಗಲೇ ಕೇಳಿ ಬರೆದುಕೊಳ್ಳುವುದು ಲೇಸು. ತುಳುವಿಗೂ ಕೊಂಕಣಿಗೂ ಇಂತಹುದೊಂದು ಬೇಕೆಂದು ಇಬ್ಬರು ಕೇಳಿದ್ದಾರೆ. ಕೊಂಕಣಿ ಬಲ್ಲವರು ಸಭೆ ಮುಗಿದ ಮೇಲೆ ನನ್ನನ್ನು ಕಂಡರೆ ಉಪಕಾರವಾಗುತ್ತದೆ. ಐದೂವರೆಯ ಬಸ್ಸಿನವರೆಗೆ ನಾನು ಇಲ್ಲಿಯೇ ಇರುತ್ತೇನೆ.