ಕುಸ್ತಿಯ ತೂಕ, ಕಂಪ್ಯೂಟರಿನ ಲೆಕ್ಕ



ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ಗೊತ್ತು: ಗೆಲುವು ಹೊಡೆತದಿಂದಲ್ಲ, ಎದುರಾಳಿಯ ತೂಕ ತಪ್ಪಿಸುವುದರಿಂದ. ಕಂಪ್ಯೂಟರಿನ ಹೊಡೆದಾಟದ ಆಟಗಳಲ್ಲಿ ಬಹುಪಾಲು ಹೀಗಿಲ್ಲ. ಬಟನ್ ಒತ್ತಿದರೆ ಮೊದಲೇ ಚಿತ್ರಿಸಿಟ್ಟ ಒದೆತ ಕಾಣುತ್ತದೆ. ಬಿದ್ದವನ ಭಾರವೆಷ್ಟು, ಕಾಲು ಎಲ್ಲಿತ್ತು ಎಂಬ ಪ್ರಶ್ನೆಯೇ ಏಳುವುದಿಲ್ಲ.

ದೊಡ್ಡ ಕಂಪನಿಗಳ ಆಸರೆಯಿಲ್ಲದ ಕೆಲವರು ಬೇರೆ ದಾರಿ ಹಿಡಿದರು. 2006ರಲ್ಲಿ ಬಂದ ‘ಟೋರಿಬ್ಯಾಶ್’ನಲ್ಲಿ ಆಟಗಾರ ಒಂದೊಂದು ಕೀಲಿಗೂ ಮಡಿಸು, ಚಾಚು, ಬಿಗಿಹಿಡಿ, ಸಡಿಲಬಿಡು ಎಂದು ಹೇಳಬೇಕು. ಉಳಿದದ್ದನ್ನು ಭೌತಶಾಸ್ತ್ರದ ನಿಯಮ ನಿರ್ಧರಿಸುತ್ತದೆ.

ಆ ನಿಯಮ ಸರಳ. ದೇಹದ ಗುರುತ್ವಕೇಂದ್ರ ಪಾದಗಳ ನಡುವಿನ ನೆಲದ ಮೇಲಿರುವ ತನಕ ಮನುಷ್ಯ ನಿಲ್ಲುತ್ತಾನೆ. ಆಚೆ ಸರಿದರೆ ಬೀಳುತ್ತಾನೆ. ಪೈಲವಾನ ಮೊಣಕಾಲು ಬಾಗಿಸಿ, ಕಾಲಗಲಿಸಿ ನಿಲ್ಲುವುದು ಇದಕ್ಕೇ.

ನಮ್ಮ ಸೀಮೆಗೆ ಈ ವಿದ್ಯೆ ಹಳೆಯದು. ನೆರೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅದರ ಮಲ್ಲವಿನೋದ ಭಾಗ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುತ್ತದೆ. ಅವರ ಊಟ, ಕಸರತ್ತುಗಳನ್ನೂ ಹೇಳುತ್ತದೆ.

ಇನ್ನೂ ನಿಜವೆನಿಸುವ ಆಟ ಬರಲೆಂದು ಕಾಯುವ ವಾಡಿ, ಶಹಾಬಾದಿನ ಹುಡುಗರಿಗೆ ನನ್ನದೊಂದು ಮಾತು. ಬೀಳುವುದನ್ನು ಕಂಪ್ಯೂಟರ್ ಲೆಕ್ಕ ಹಾಕಬಲ್ಲದು. ಯಾವಾಗ ಎಳೆಯಬೇಕು, ಎದುರಾಳಿಯ ಕತ್ತಿಗೆ ಪೆಟ್ಟಾಗದಂತೆ ಹೇಗೆ ಕೆಡವಬೇಕು ಎಂಬುದು ಉಸ್ತಾದರ ಮೈಗೇ ಗೊತ್ತು. ಆಟ ಬರುವ ಮೊದಲೇ ತಾಲೀಮಿನ ಬಾಗಿಲು ಮುಚ್ಚಿದರೆ, ಈ ಪಟ್ಟುಗಳನ್ನು ಆ ಆಟಕ್ಕೆ ಕಲಿಸುವವರು ಯಾರು?