ಎದ್ದು ನಡೆದ ಜೋಸೆಫರು

(ಮಾರ್ಚ್ 19: ಸಂತ ಜೋಸೆಫರ ಮಹೋತ್ಸವದ ಪ್ರಬೋಧನೆ)



ಔರಾದ್ ಕಡೆಯ ಹೊಲಗಳ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಮುಂಗಾರಿಗೆ ಹೆಸರು, ಉದ್ದು ಬಿತ್ತುತ್ತಾರೆ. ಬೇಗ ಕೈಗೆ ಬರುವ ಬೆಳೆ. ಆ ಹಣದ ಮೇಲೆ ಎಷ್ಟೊಂದು ಲೆಕ್ಕಾಚಾರ! ಬೀಜ ಗೊಬ್ಬರದ ಉದ್ರಿ, ಮಗನ ಕಾಲೇಜು ಫೀ, ಮಗಳ ಮದುವೆ. ರಾಶಿ ಮಾಡುವ ಹೊತ್ತಿಗೆ ಜಡಿಮಳೆ ಹಿಡಿದರೆ ಹೆಸರು ಕಾಯಿಯಲ್ಲೇ ಮೊಳಕೆಯೊಡೆಯುತ್ತದೆ. ಅಂಥ ಒಂದು ವರ್ಷ ನಾವು ಒಂದು ಮನೆಗೆ ಹೋಗಿದ್ದೆವು. ಮನೆಯ ಹಿರಿಯರು ಕೇಳಿದರು: "ಫಾದರ್, ಪ್ರಾರ್ಥನೆ ಮಾಡೇ ಬಿತ್ತಿದ್ವಿ ಅಲ್ರಿ?"

ನಮಗೆ ಉತ್ತರ ಹೊಳೆಯಲಿಲ್ಲ. 'ಎಲ್ಲ ದೇವರ ಚಿತ್ತ' ಎಂದು ಹೇಳಿ ಎದ್ದು ಬರುವುದು ಸುಲಭ. ಸಾಲ ಹೊತ್ತವರ ಅಂಗಳದಲ್ಲಿ ಆ ಮಾತು ಹಗುರವಾಗುತ್ತದೆ.

ಇಂದು ನಾವು ಹಬ್ಬ ಆಚರಿಸುವ ಸಂತ ಜೋಸೆಫರಿಗೆ ಆ ಪ್ರಶ್ನೆ ಅರ್ಥವಾಗುತ್ತಿತ್ತು. ಅವರೂ ನೀತಿವಂತರು, ಅವರ ಲೆಕ್ಕವೂ ತಪ್ಪಿತು. ಮರಿಯಮ್ಮನವರೊಡನೆ ನೆಮ್ಮದಿಯ ಸಂಸಾರ ನಡೆಸಬೇಕೆಂದಿದ್ದವರಿಗೆ ಮೊದಲು ಬಂದದ್ದು ತಳಮಳ. ಹೆರಿಗೆಯ ಹೊತ್ತಿಗೆ ಬೆತ್ಲೆಹೇಮಿನಲ್ಲಿ ಛತ್ರ ಸಿಗಲಿಲ್ಲ. ಕೂಸು ಹುಟ್ಟಿದ ಮೇಲೆ ಹೆರೋದನ ಭಯ, ರಾತ್ರೋರಾತ್ರಿ ಈಜಿಪ್ಟಿನ ದಾರಿ.

ಮತ್ತಾಯನ ಶುಭಸಂದೇಶದಲ್ಲಿ ಜೋಸೆಫರಿಗೆ ನಾಲ್ಕು ಸಲ ಕನಸಿನಲ್ಲಿ ದೇವರ ಸೂಚನೆ ಬರುತ್ತದೆ. ಪ್ರತಿ ಸಲವೂ ಒಂದೇ ಒಂದು ಹೆಜ್ಜೆಯ ಮಾತು. ಈಜಿಪ್ಟಿಗೆ ಹೋಗು ಎಂದ ದೇವದೂತ ಎಷ್ಟು ವರ್ಷ ಎಂದು ಹೇಳಲಿಲ್ಲ. ಅಲ್ಲಿ ಊಟಕ್ಕೇನು, ಕೆಲಸಕ್ಕೇನು ಎಂದೂ ಹೇಳಲಿಲ್ಲ. ಜೋಸೆಫರು ಎದ್ದರು, ತಾಯಿಮಗುವನ್ನು ಕರೆದುಕೊಂಡು ಹೊರಟರು. ಅವರ ಬಾಯಿಂದ ಬಂದ ಒಂದು ಮಾತೂ ಶುಭಸಂದೇಶದಲ್ಲಿಲ್ಲ. ಅವರು ಎದ್ದು ಹೊರಟದ್ದು ಮಾತ್ರ ಇದೆ. ತಾಳ್ಮೆ ಎಂದರೆ ಕೈಕಟ್ಟಿ ಕೂರುವುದಲ್ಲ. ನಾಳೆಯನ್ನು ದೇವರ ಕೈಗೆ ಕೊಟ್ಟು ಇಂದಿನ ಹೆಜ್ಜೆಯನ್ನು ಇಡುವುದೇ ತಾಳ್ಮೆ.

ಇಂಥ ತಾಳ್ಮೆ ನಮ್ಮ ನೆಲಕ್ಕೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಿತ್ತು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ್ ಕನ್ನಡ ನಾಡಿಗೆ ಸೇರಿತು. ಆ ದಿನ ಯಾವಾಗ ಬರುತ್ತದೆಂದು ಪಾಠ ಹೇಳುವಾಗ ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಆ ದಿನದ ಪಾಠ ಮಾತ್ರ.

ದಸರೆ ಮುಗಿದ ಮೇಲೆ ನಾವು ಮತ್ತೆ ಔರಾದಿನ ಆ ಮನೆಗೆ ಹೋದೆವು. ಹಿರಿಯರು ಹೊಲದಲ್ಲಿದ್ದರು. ಕಡಲೆ, ಜೋಳ ಬಿತ್ತಿ ಆಗಿತ್ತು. "ಮುಂಗಾರಿ ಹೋಯ್ತು ಫಾದರ್, ಹಿಂಗಾರಿ ಬಿಡ್ಲಾಕ್ ಬರ್ತದಾ?" ಎಂದರು. ಸಾಲ ತೀರಿರಲಿಲ್ಲ, ಮದುವೆ ಮುಂದಕ್ಕೆ ಹೋಗಿತ್ತು. ಹೆಸರನ್ನು ಕೆಡಿಸಿದ ಮಳೆಯ ಹಸಿಯೇ ನೆಲದಲ್ಲಿತ್ತು. ನಾವು ಕೊಡಲಾಗದ ಉತ್ತರವನ್ನು ಅವರೇ ನಮಗೆ ಕೊಟ್ಟಿದ್ದರು.

ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಮನಿಲಾದಲ್ಲಿ ಕುಟುಂಬಗಳೊಡನೆ ಮಾತನಾಡುತ್ತಾ, ತಮ್ಮ ಮೇಜಿನ ಮೇಲೆ ಮಲಗಿರುವ ಜೋಸೆಫರ ಸ್ವರೂಪವೊಂದಿದೆ, ಕಷ್ಟ ಬಂದಾಗ ಅದನ್ನು ಚೀಟಿಯಲ್ಲಿ ಬರೆದು ಅದರ ಕೆಳಗಿಡುತ್ತೇನೆ ಎಂದು ತಿಳಿಸಿದ್ದರು. ನಾವೂ ಇಂದು ರಾತ್ರಿ ಹಾಗೆ ಮಾಡೋಣ. ಬೆಳೆ ಕಳೆದುಕೊಂಡವರು, ಮಗಳ ಸಂಬಂಧ ಮುರಿದುಬಿದ್ದ ತಂದೆತಾಯಿಯರು, ಬೀದರ್ ನಗರದಲ್ಲಿ ಓದು ಮುಗಿಸಿ ಕೆಲಸ ಸಿಗದೆ ಮನೆಯಲ್ಲಿರುವ ಯುವಕರು, ಎಲ್ಲರೂ ಬರೆದಿಡೋಣ.

ಆದರೆ ಬೆಳಿಗ್ಗೆ ಏಳೋಣ. ಸಾಲದ ಚಿಂತೆಯನ್ನು ಯಾರೂ ಒಬ್ಬರೇ ಎದೆಯಲ್ಲಿಟ್ಟುಕೊಂಡು ಮಲಗಬೇಡಿ. ಹೆಂಡತಿಗೆ ಹೇಳಿ, ಅಣ್ಣತಮ್ಮಂದಿರಿಗೆ ಹೇಳಿ, ನಮ್ಮಲ್ಲಿಗೆ ಬನ್ನಿ. ಗುರುಗಳ ಮನೆಯ ಬಾಗಿಲು ರಾತ್ರಿಯೂ ತೆರೆಯುತ್ತದೆ. ನೆರೆಮನೆಯವರ ಬೆಳೆ ಹೋಗಿದ್ದರೆ, ಅವರು ಕೇಳುವ ಮೊದಲೇ ನಾವು ಅವರ ಬಾಗಿಲಿಗೆ ಹೋಗೋಣ. ಬೆತ್ಲೆಹೇಮಿನಲ್ಲಿ ಸಿಗದ ಜಾಗ ನಮ್ಮ ಧರ್ಮಕೇಂದ್ರದಲ್ಲಿ ಸಿಗಲಿ.

ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.